ಹಳೆಯ ಪಿಸ್ತೂಲು ಮತ್ತು ಅದರ ಒರೆ: ಕೊಳ್ಳುವ ಮುನ್ನ ಕುಟುಂಬ ಯೋಚಿಸಬೇಕಾದದ್ದು

2025ರ ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆಯ ಹೊಸ ದರಗಳು ಜಾರಿಗೆ ಬಂದಾಗ ದಿನನಿತ್ಯದ ವಸ್ತುಗಳ ಬೆಲೆ ಇಳಿಯುವ ಸಂಗತಿಯೇ ಎಲ್ಲೆಡೆ ಚರ್ಚೆಯಾಯಿತು. ಅದೇ ಪಟ್ಟಿಯಲ್ಲಿದ್ದ ಇನ್ನೊಂದು ಸಾಲನ್ನು ಗಮನಿಸಿದವರು ಕಡಿಮೆ. ರಿವಾಲ್ವರ್ ಮತ್ತು ಪಿಸ್ತೂಲುಗಳ ಮೇಲಿನ ತೆರಿಗೆಯನ್ನು ಶೇಕಡಾ 28ರಿಂದ ಶೇಕಡಾ 40ಕ್ಕೆ ಏರಿಸಲಾಗಿತ್ತು. ಮೊದಲೇ ದುಬಾರಿಯಾಗಿದ್ದ ಹೊಸ ಕೈಬಂದೂಕು ಇದರಿಂದ ಮತ್ತಷ್ಟು ದುಬಾರಿಯಾಯಿತು. ಪರವಾನಗಿ ಕೈಯಲ್ಲಿದ್ದೂ ಆಯುಧ ಕೊಳ್ಳದಿರುವವರ ದೃಷ್ಟಿ ಸಹಜವಾಗಿಯೇ ಈಗ ಬಳಸಿದ ಪಿಸ್ತೂಲುಗಳ ಕಡೆಗೆ ಹೊರಳುತ್ತಿದೆ.

ಇದು ನಮ್ಮ ಸಮಾಜಕ್ಕೆ ಸಂಬಂಧಿಸಿದ ವಿಷಯವೇ ಎಂದು ಕೆಲವರು ಕೇಳಬಹುದು. ಪುಣೆಯಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ನಡುರಾತ್ರಿ ಗಲ್ಲಾ ಹಣದೊಂದಿಗೆ ಮನೆಗೆ ಮರಳುವ ಹೋಟೆಲ್ ಮಾಲೀಕರಿದ್ದಾರೆ, ಚಿನ್ನಾಭರಣದ ವ್ಯಾಪಾರಿಗಳಿದ್ದಾರೆ, ಸೈನ್ಯದಿಂದ ನಿವೃತ್ತರಾಗಿ ಇಲ್ಲಿಯೇ ಉಳಿದವರಿದ್ದಾರೆ, ಊರಿನ ಕಾಫಿ ತೋಟವನ್ನು ಇಲ್ಲಿಂದಲೇ ನೋಡಿಕೊಳ್ಳುವವರಿದ್ದಾರೆ. ತಂದೆಯವರ ಕಾಲದ ಪಿಸ್ತೂಲೊಂದು ಕಪಾಟಿನಲ್ಲಿದ್ದು, ಅದನ್ನು ಏನು ಮಾಡಬೇಕೆಂದು ತಿಳಿಯದೆ ಚಿಂತಿಸುವ ಮನೆಗಳೂ ಇವೆ. ಆದುದರಿಂದ ಈ ವಿಷಯವನ್ನು ಭಾವಾವೇಶವಿಲ್ಲದೆ, ಕಾನೂನು, ಲೋಹ, ಚರ್ಮ ಮತ್ತು ಮನೆ ಎಂಬ ನಾಲ್ಕು ನೆಲೆಗಳಿಂದ ಪರಿಶೀಲಿಸುವುದು ಉಚಿತ.

ಹಕ್ಕಲ್ಲ, ಅನುಮತಿ

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಅಮೆರಿಕದ ಚಲನಚಿತ್ರಗಳನ್ನು ನೋಡಿ ಬೆಳೆದ ಪೀಳಿಗೆಗೆ ಆಯುಧ ಹೊಂದುವುದು ನಾಗರಿಕನ ಹಕ್ಕು ಎಂಬ ಭಾವನೆ ಬರುವುದುಂಟು. ಭಾರತದಲ್ಲಿ ಅದು ಹಕ್ಕಲ್ಲ. ಸರ್ಕಾರ ಷರತ್ತುಗಳೊಂದಿಗೆ ಕೊಡುವ, ಬೇಕೆಂದಾಗ ಹಿಂಪಡೆಯಬಹುದಾದ ಅನುಮತಿ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಅಕ್ರಮ ಆಯುಧಗಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಾಗ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ನೆನಪಿಸಿತು. ಆ ಪೀಠದಲ್ಲಿ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಅವರೊಂದಿಗೆ ಕನ್ನಡನಾಡಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರೂ ಇದ್ದರು.

ಈ ನಿಲುವಿನ ಹಿಂದೆ ದೀರ್ಘ ಇತಿಹಾಸವಿದೆ, ಮತ್ತು ಅದರಲ್ಲಿ ಕನ್ನಡಿಗರ ಪಾತ್ರ ಸಣ್ಣದಲ್ಲ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯಿದೆ ತಂದು ಆಯುಧಗಳನ್ನು ಒಪ್ಪಿಸಲು ಆಜ್ಞೆ ಮಾಡಿದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿ ಆ ವರ್ಷದ ನವೆಂಬರಿನಲ್ಲಿ ಸೈನ್ಯವನ್ನು ಎದುರಿಸಿದರು. ಲಾವಣಿಗಳಲ್ಲಿ ಉಳಿದಿರುವ ಆ ಹೋರಾಟ ಮೂಲತಃ ಆಯುಧದ ಪ್ರಶ್ನೆಯ ಮೇಲೆಯೇ ನಡೆದದ್ದು. 1878ರ ಶಸ್ತ್ರ ಕಾಯಿದೆ ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ ಯುರೋಪಿಯನ್ನರಿಗೆ ವಿನಾಯಿತಿ ನೀಡಿತು. ಈ ತಾರತಮ್ಯದ ನೋವಿನಿಂದಲೇ 1931ರ ಕರಾಚಿ ಕಾಂಗ್ರೆಸ್ ಅಧಿವೇಶನ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನು ತನ್ನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ಸೇರಿಸಿತ್ತು.

1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಆ ಹಕ್ಕನ್ನು ಸಂವಿಧಾನಕ್ಕೆ ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು. ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಎಲ್ಲರಿಗೂ ಸಮಾನವಾಗಿ ಸಲ್ಲುವ ಹಕ್ಕಾದರೆ ಅಪರಾಧವನ್ನೇ ವೃತ್ತಿಯಾಗಿಸಿಕೊಂಡವರಿಗೂ ಅದು ಸಲ್ಲಬೇಕಾಗುತ್ತದೆ ಎಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. ಮುಂದೆ 1959ರ ಶಸ್ತ್ರ ಕಾಯಿದೆ ರೂಪುಗೊಂಡು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. 2016ರ ಶಸ್ತ್ರ ನಿಯಮಗಳು ಮತ್ತು 2019ರ ತಿದ್ದುಪಡಿ ಇಂದಿನ ವ್ಯವಸ್ಥೆಯನ್ನು ರೂಪಿಸಿವೆ.

ಇದಕ್ಕೆ ಎದ್ದುಕಾಣುವ ಅಪವಾದ ನಮ್ಮ ಕೊಡಗು. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತದಲ್ಲಿಯೂ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದು ಮುಂದುವರಿದಿದೆ. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಪೂಜಿಸುವ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುವ ಆ ಸಂಸ್ಕೃತಿಯಲ್ಲಿ ಕೋವಿ ಮನೆಯ ಸದಸ್ಯನಂತೆ. ಅದಕ್ಕೆ ಒಂದು ಜಾಗ, ಒಂದು ಶಿಸ್ತು ಇದೆ. ಪುಣೆಯ ಫ್ಲ್ಯಾಟಿನಲ್ಲಿ ಪಿಸ್ತೂಲು ಇಟ್ಟುಕೊಳ್ಳುವವರು ಅವರಿಂದ ಕಲಿಯಬೇಕಾದದ್ದು ಆ ಶಿಸ್ತನ್ನು.

ಹಳೆಯದಕ್ಕೇ ಏಕೆ ಹೆಚ್ಚು ಬೆಲೆ?

ಸಾಮಾನ್ಯವಾಗಿ ಬಳಸಿದ ವಸ್ತು ಹೊಸದಕ್ಕಿಂತ ಅಗ್ಗ. ಭಾರತದ ಪಿಸ್ತೂಲು ಮಾರುಕಟ್ಟೆಯಲ್ಲಿ ಈ ನಿಯಮ ತಲೆಕೆಳಗಾಗಿದೆ. 1980ರ ದಶಕದ ಮಧ್ಯಭಾಗದಿಂದ ಸಾಮಾನ್ಯ ನಾಗರಿಕರಿಗಾಗಿ ಕೈಬಂದೂಕುಗಳ ಆಮದು ನಿಂತುಹೋಯಿತು. ಅದಕ್ಕೆ ಮೊದಲು ದೇಶದೊಳಗೆ ಬಂದಿದ್ದ ವಾಲ್ಥರ್, ಕೋಲ್ಟ್, ವೆಬ್ಲಿ ಮತ್ತು ಸ್ಕಾಟ್, ಬೆರೆಟಾ ಮುಂತಾದವು ಮಾತ್ರ ಕೈಯಿಂದ ಕೈಗೆ ಸಾಗುತ್ತಿವೆ. ಸಂಖ್ಯೆ ಹೆಚ್ಚುವುದಿಲ್ಲ, ಬೇಡಿಕೆ ತಗ್ಗುವುದಿಲ್ಲ. ಹೀಗಾಗಿ ವಿದೇಶದಲ್ಲಿ ಸಾಧಾರಣ ಬೆಲೆಗೆ ಸಿಗುವ ಎಪ್ಪತ್ತು ಎಂಬತ್ತು ವರ್ಷ ಹಳೆಯ ಪಿಸ್ತೂಲಿಗೆ ಇಲ್ಲಿ ಹಲವು ಲಕ್ಷ ರೂಪಾಯಿ ಕೇಳುವುದುಂಟು. ಆ ಬೆಲೆ ಅಭಾವದ್ದು. ಅದನ್ನು ಗುಣಮಟ್ಟದ ಪ್ರಮಾಣಪತ್ರವೆಂದು ತಿಳಿಯಬಾರದು.

ಸೈನ್ಯ ಮತ್ತು ಪೊಲೀಸರು ಬಳಸುವ 9 ಮಿ.ಮೀ. ಗುಂಡಿನ ಪಿಸ್ತೂಲು ನಾಗರಿಕರಿಗೆ ನಿಷಿದ್ಧ ವರ್ಗದಲ್ಲಿದೆ. ಆದುದರಿಂದ ಪರವಾನಗಿದಾರರ ಕೈಯಲ್ಲಿರುವ ಅರೆಸ್ವಯಂಚಾಲಿತ ಪಿಸ್ತೂಲುಗಳಲ್ಲಿ ಬಹುಪಾಲು ಪಾಯಿಂಟ್ 32, ಅಂದರೆ 7.65 ಮಿ.ಮೀ. ಗುಂಡಿನವು. ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳು ಇದೇ ಗುಂಡಿಗೆ 'ಅಶನಿ' ಎಂಬ ಪಿಸ್ತೂಲನ್ನು ತಯಾರಿಸಿದವು. ಸಂಸ್ಕೃತದಲ್ಲಿ ಅಶನಿ ಎಂದರೆ ಸಿಡಿಲು. 2014ರ ಜನವರಿಯಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರಿಗೆಂದು ಸುಮಾರು 500 ಗ್ರಾಂ ತೂಕದ 'ನಿರ್ಭೀಕ್' ರಿವಾಲ್ವರನ್ನು ಹೊರತಂದಾಗ ಅದರ ಬೆಲೆ 1,22,360 ರೂಪಾಯಿ ಇತ್ತು. ಆತ್ಮರಕ್ಷಣೆಯ ಅಗತ್ಯ ಹೆಚ್ಚಾಗಿರುವ ಸಾಮಾನ್ಯ ಮಹಿಳೆಯರಲ್ಲಿ ಎಷ್ಟು ಜನಕ್ಕೆ ಆ ಬೆಲೆ ಎಟಕುತ್ತದೆ ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

ಪುಣೆಗೆ ಈ ಲೋಕದೊಡನೆ ಹಳೆಯ ನಂಟಿದೆ. ಖಡಕಿಯ ಮದ್ದುಗುಂಡು ಕಾರ್ಖಾನೆ ಆರಂಭವಾದದ್ದು 1869ರಲ್ಲಿ. ಭಾರತದ ಕಾಡತೂಸುಗಳ ತಳದಲ್ಲಿ ಕಾಣುವ 'ಕೆ.ಎಫ್.' ಎಂಬ ಅಚ್ಚು ಇದೇ ಕಾರ್ಖಾನೆಯ ಗುರುತು. 2021ರ ಅಕ್ಟೋಬರ್ 1ರಂದು ಶಸ್ತ್ರಾಸ್ತ್ರ ಕಾರ್ಖಾನೆಗಳ ಮಂಡಳಿಯನ್ನು ವಿಸರ್ಜಿಸಿ ಏಳು ಕಂಪನಿಗಳನ್ನು ರಚಿಸಿದಾಗ ಮದ್ದುಗುಂಡುಗಳ ಕಂಪನಿಯಾದ ಮ್ಯುನಿಷನ್ಸ್ ಇಂಡಿಯಾದ ಕೇಂದ್ರ ಕಚೇರಿ ಪುಣೆಗೆ ಬಂತು. ಬಂದೂಕುಗಳ ಕಂಪನಿಗೆ ಕಾನ್ಪುರ ಕೇಂದ್ರವಾಯಿತು. ಪಾಷಾಣದ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆ ಸೈನ್ಯದೊಂದಿಗೆ ಸೇರಿ ರೂಪಿಸಿದ 'ಅಸ್ಮಿ' ಎಂಬ 9 ಮಿ.ಮೀ. ಮೆಷಿನ್ ಪಿಸ್ತೂಲು 2021ರಲ್ಲಿ ಬೆಳಕಿಗೆ ಬಂದಿತು. ಅದು ಸೈನಿಕರದ್ದು, ನಾಗರಿಕರಿಗಲ್ಲ.

ಲೋಹದ ಚೌಕಟ್ಟು: ಬಲ ಮತ್ತು ಮಿತಿ

ಪಿಸ್ತೂಲಿನಲ್ಲಿ ಕೈಹಿಡಿ, ಟ್ರಿಗರ್ ಮತ್ತು ಮ್ಯಾಗಝೀನನ್ನು ಹೊತ್ತಿರುವ ಕೆಳಭಾಗವೇ ಚೌಕಟ್ಟು. ಅದರ ಮೇಲೆ ಹಳಿಯ ಮೇಲಿನ ಬಂಡಿಯಂತೆ ಹಿಂದೆ ಮುಂದೆ ಸರಿಯುವುದು ಸ್ಲೈಡ್. ಒಂದು ಗುಂಡು ಹಾರಿದಾಗ ಸ್ಲೈಡ್ ಹಿಂದೆ ಸರಿದು ಖಾಲಿ ಕೋಶವನ್ನು ಹೊರಗೆಸೆದು, ಮುಂದೆ ಬರುವಾಗ ಹೊಸ ಕಾಡತೂಸನ್ನು ನಳಿಗೆಗೆ ಸೇರಿಸುತ್ತದೆ. ಟ್ರಿಗರನ್ನು ಒಮ್ಮೆ ಎಳೆದರೆ ಒಂದೇ ಗುಂಡು. ಇದೇ ಅರೆಸ್ವಯಂಚಾಲಿತದ ಅರ್ಥ.

ಇಪ್ಪತ್ತನೆಯ ಶತಮಾನದ ಮೊದಲರ್ಧದ ಪಿಸ್ತೂಲುಗಳ ಚೌಕಟ್ಟು ಬಹುತೇಕ ಉಕ್ಕಿನದು. ಎರಡನೆಯ ಮಹಾಯುದ್ಧದ ನಂತರ ಹಗುರವಾದ ಅಲ್ಯೂಮಿನಿಯಂ ಮಿಶ್ರಲೋಹ ಬಳಕೆಗೆ ಬಂತು. 1982ರಲ್ಲಿ ಆಸ್ಟ್ರಿಯದ ಗ್ಲಾಕ್ ಬಂದ ಮೇಲೆ ಪ್ಲಾಸ್ಟಿಕ್ ಜಾತಿಯ ಪಾಲಿಮರ್ ಚೌಕಟ್ಟು ಜಗತ್ತಿನ ಪೊಲೀಸ್ ಪಡೆಗಳಲ್ಲಿ ಸಾಮಾನ್ಯವಾಯಿತು. ಆಮದು ಅದಕ್ಕೆ ಸ್ವಲ್ಪ ಕಾಲದಲ್ಲಿಯೇ ನಿಂತುದರಿಂದ ಭಾರತದ ಹಳೆಯ ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಲೋಹದ ಚೌಕಟ್ಟಿನವೇ. ಉಕ್ಕು ಭಾರ, ಆದರೆ ಗುಂಡಿನ ಹಿನ್ನೂಕನ್ನು ಹೀರಿಕೊಳ್ಳುತ್ತದೆ, ಬಹುಕಾಲ ಬಾಳುತ್ತದೆ. ಅದರ ಶತ್ರು ತುಕ್ಕು. ಮಿಶ್ರಲೋಹ ತುಕ್ಕು ಹಿಡಿಯುವುದಿಲ್ಲ, ಆದರೆ ಹಳಿಗಳು ಬೇಗ ಸವೆಯುತ್ತವೆ, ಒತ್ತಡ ಬೀಳುವ ಮೂಲೆಗಳಲ್ಲಿ ಕೂದಲೆಳೆಯಂತಹ ಬಿರುಕು ಮೂಡಬಹುದು. ಹೊಳಪನ್ನು ನೋಡಿ ಮೋಸಹೋಗಬಾರದು. ಹೊಸದಾಗಿ ನೀಲಿಬಣ್ಣದ ಲೇಪ ಪಡೆದ ಹಳೆಯ ಪಿಸ್ತೂಲು, ಸುಣ್ಣ ಬಳಿದ ಹಳೆಯ ಗೋಡೆಯಂತೆ ಒಳಗಿನ ಗುಳಿಗಳನ್ನು ಮುಚ್ಚಿಟ್ಟಿರಬಹುದು.

ಪರೀಕ್ಷೆ ನಡೆಯಬೇಕಾದದ್ದು ಪರವಾನಗಿ ಪಡೆದ ವ್ಯಾಪಾರಿಯ ಅಂಗಡಿಯಲ್ಲಿ, ನುರಿತ ಆರ್ಮರರ್ ಸಮ್ಮುಖದಲ್ಲಿ. ಮೊದಲು ಮ್ಯಾಗಝೀನ್ ತೆಗೆದು, ಆಮೇಲೆ ಸ್ಲೈಡನ್ನು ಹಿಂದಕ್ಕೆಳೆದು ನಳಿಗೆ ಖಾಲಿಯಿದೆಯೆಂದು ಕಣ್ಣಾರೆ ನೋಡಬೇಕು. ಈ ಅನುಕ್ರಮ ತಪ್ಪಿದರೆ, ಅಂದರೆ ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಝೀನ್ ತೆಗೆದರೆ, ನಳಿಗೆಯಲ್ಲಿ ಒಂದು ಗುಂಡು ಉಳಿದುಬಿಡುತ್ತದೆ. 'ಖಾಲಿಯಿದೆ' ಎಂದುಕೊಂಡ ಪಿಸ್ತೂಲಿನಿಂದ ನಡೆಯುವ ಅನೇಕ ಅವಘಡಗಳಿಗೆ ಇದೇ ಕಾರಣ.

ಬಳಿಕ ನಳಿಗೆಯೊಳಗೆ ಬೆಳಕು ಹಾಯಿಸಿ ಗುಳಿಗಳಿವೆಯೇ, ಎಲ್ಲಿಯಾದರೂ ಉಬ್ಬಿದ ಉಂಗುರದಂತಹ ನೆರಳು ಕಾಣುವುದೇ ಎಂದು ನೋಡಬೇಕು. ಸ್ಲೈಡ್ ಪಕ್ಕಕ್ಕೆ ಅತಿಯಾಗಿ ಅಲುಗಬಾರದು. ಕೈಹಿಡಿಯ ಹಲಗೆಗಳನ್ನು ಬಿಚ್ಚಿಸಿ ಅಡಿಯಲ್ಲಿ ತುಕ್ಕು ಇದೆಯೇ ಎಂದು ನೋಡಬೇಕು, ಏಕೆಂದರೆ ಬೆವರು ಅಲ್ಲಿ ನಿಲ್ಲುತ್ತದೆ. ಸುರಕ್ಷಾ ಕೀಲಿ ಹಾಕಿದಾಗ ಟ್ರಿಗರ್ ನಿಜವಾಗಿ ನಿಷ್ಕ್ರಿಯವಾಗುತ್ತದೆಯೇ ಎಂಬುದನ್ನು ಆರ್ಮರರ್ ಖಾಲಿ ಪಿಸ್ತೂಲಿನಲ್ಲಿ ತೋರಿಸಬೇಕು. ಸ್ಪ್ರಿಂಗುಗಳು ದಶಕಗಳಲ್ಲಿ ಬಲ ಕಳೆದುಕೊಳ್ಳುತ್ತವೆ, ಅವನ್ನು ಬದಲಿಸಬಹುದು. ಆದರೆ ಹಳೆಯ ವಿದೇಶಿ ಮಾದರಿಯ ಮ್ಯಾಗಝೀನ್, ಎಕ್ಸ್‌ಟ್ರಾಕ್ಟರ್, ಪಿನ್ ಮುಂತಾದವು ಇಲ್ಲಿ ಸುಲಭವಾಗಿ ಸಿಗುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ತಂದದ್ದು ಒಂದು ಸಣ್ಣ ಬಿಡಿಭಾಗವಿಲ್ಲದೆ ಕಬ್ಬಿಣದ ತುಂಡಾಗಿ ಉಳಿಯಬಹುದು. ಮೇಲಾಗಿ, ಹಳೆಯ ಹಲವು ಮಾದರಿಗಳಲ್ಲಿ ಕೆಳಗೆ ಬಿದ್ದಾಗ ಗುಂಡು ಹಾರದಂತೆ ಪಿನ್ನನ್ನು ತಡೆಯುವ ಇಂದಿನ ವ್ಯವಸ್ಥೆ ಇಲ್ಲ. ಅಂತಹ ಪಿಸ್ತೂಲಿನ ನಳಿಗೆಯಲ್ಲಿ ಗುಂಡು ತುಂಬಿಟ್ಟು ಓಡಾಡುವುದು ಅಪಾಯಕ್ಕೆ ಆಹ್ವಾನ.

ಕಾಗದಪತ್ರದ ಪರೀಕ್ಷೆ

ಲೋಹದಷ್ಟೇ ಸೂಕ್ಷ್ಮವಾಗಿ ದಾಖಲೆಯನ್ನೂ ಪರೀಕ್ಷಿಸಬೇಕು. ಕೊಳ್ಳುವವರ ಬಳಿ ಆ ವರ್ಗದ ಆಯುಧಕ್ಕೆ ಊರ್ಜಿತ ಪರವಾನಗಿ ಮೊದಲೇ ಇರಬೇಕು; ಮೊದಲು ಪಿಸ್ತೂಲು, ಆಮೇಲೆ ಪರವಾನಗಿ ಎಂಬ ಮಾತೇ ಇಲ್ಲ. ಪುಣೆ ನಗರದಲ್ಲಿ ಪರವಾನಗಿ ಪ್ರಾಧಿಕಾರ ಪೊಲೀಸ್ ಆಯುಕ್ತರು. ಪಿಂಪ್ರಿ-ಚಿಂಚ್‌ವಡಕ್ಕೆ 2018ರ ಆಗಸ್ಟ್ 15ರಿಂದ ಪ್ರತ್ಯೇಕ ಆಯುಕ್ತಾಲಯವಿದೆ, ಗ್ರಾಮಾಂತರಕ್ಕೆ ಜಿಲ್ಲಾಧಿಕಾರಿಗಳು. 21 ವರ್ಷ ತುಂಬದವರಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಪ್ರತಿ ಪರವಾನಗಿದಾರರಿಗೂ ರಾಷ್ಟ್ರೀಯ ದತ್ತಸಂಚಯದ ವಿಶಿಷ್ಟ ಗುರುತಿನ ಸಂಖ್ಯೆ ಇರಬೇಕು. 2019ರ ತಿದ್ದುಪಡಿಯ ಪ್ರಕಾರ ಒಬ್ಬರು ಹೊಂದಬಹುದಾದ ಆಯುಧಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ, ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ.

ಖಾಸಗಿ ವ್ಯಕ್ತಿಯೊಬ್ಬರು ಸ್ವಂತ ಬಳಕೆಯ ಪಿಸ್ತೂಲನ್ನು ಇನ್ನೊಬ್ಬ ಪರವಾನಗಿದಾರರಿಗೆ ಮಾರಬಹುದು. ಆದರೆ ಕಾಯಿದೆಯ 5ನೆಯ ಕಲಮಿನಂತೆ ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ, ಆ ಬಳಿಕ 45 ದಿನಗಳು ಕಳೆದ ಮೇಲೆಯೇ ಕೈಬದಲು ಮಾಡಬೇಕು. 'ದುಡ್ಡು ಕೊಡಿ, ಇಂದೇ ತೆಗೆದುಕೊಂಡು ಹೋಗಿ, ಕಾಗದ ಆಮೇಲೆ ನೋಡೋಣ' ಎನ್ನುವವರ ಮುಂದಿನಿಂದ ಎದ್ದು ಬರುವುದೇ ಲೇಸು. ಚೌಕಟ್ಟಿನ ಮೇಲಿನ ಸಂಖ್ಯೆಯೂ ಪರವಾನಗಿಯಲ್ಲಿನ ಸಂಖ್ಯೆಯೂ ಅಕ್ಷರಶಃ ಹೊಂದಬೇಕು. ಗುರುತಿನ ಸಂಖ್ಯೆಯನ್ನು ಅಳಿಸುವುದು ಮಾತ್ರವಲ್ಲ, ಅಂತಹ ಆಯುಧವನ್ನು ಇಟ್ಟುಕೊಳ್ಳುವುದೂ ಅಪರಾಧ.

ಹಳೆಯ ಪಿಸ್ತೂಲಿನ ಪೂರ್ವಚರಿತ್ರೆ ಏಕೆ ಮುಖ್ಯ ಎಂಬುದಕ್ಕೆ ಪುಣೆಯ ನೆನಪಿನಲ್ಲಿ ಒಂದು ಕಹಿ ಉದಾಹರಣೆ ಇದೆ. 1948ರ ಜನವರಿ 30ರಂದು ಗಾಂಧೀಜಿಯವರ ಪ್ರಾಣ ತೆಗೆದದ್ದು ಇಟಲಿಯಲ್ಲಿ ತಯಾರಾದ, ಉಕ್ಕಿನ ಚೌಕಟ್ಟಿನ ಬೆರೆಟಾ ಪಿಸ್ತೂಲು. ಪುಣೆಯಲ್ಲಿ ಪತ್ರಿಕೆ ನಡೆಸುತ್ತಿದ್ದ ಹಂತಕನ ಕೈಗೆ ಅದು ಸಿಕ್ಕಿದ್ದು ಕೃತ್ಯಕ್ಕೆ ಕೆಲವೇ ದಿನಗಳ ಮುಂಚೆ ಗ್ವಾಲಿಯರಿನಲ್ಲಿ, ಕೈಯಿಂದ ಕೈಗೆ ದಾಟಿ. ಯಾರದೋ ಮನೆಯಿಂದ ದಾಖಲೆಯಿಲ್ಲದೆ ಹೊರಬಿದ್ದ ಆಯುಧ ಎಲ್ಲಿಗೆ ತಲುಪುತ್ತದೆ ಎಂಬುದನ್ನು ಅದನ್ನು ಕೊಟ್ಟವರು ಎಂದೂ ಹೇಳಲಾರರು. 45 ದಿನಗಳ ಕಾಯುವಿಕೆಯನ್ನು ಕಿರುಕುಳವೆಂದು ಬಗೆಯುವವರು ಇದನ್ನು ನೆನೆಯಬೇಕು.

ಒರೆ ಅಲಂಕಾರವಲ್ಲ

ಖಡ್ಗಕ್ಕೆ ಒರೆ ಇದ್ದಂತೆ ಪಿಸ್ತೂಲಿಗೆ ಹೋಲ್‌ಸ್ಟರ್. ಅನೇಕರು ಇದನ್ನು ಬೆಲ್ಟಿನಂತೆ ಶೋಕಿಯ ವಸ್ತುವೆಂದು ಎಣಿಸಿ ಕೈಗೆ ಸಿಕ್ಕಿದ್ದನ್ನು ಕೊಳ್ಳುತ್ತಾರೆ. ಆದರೆ 2016ರ ಶಸ್ತ್ರ ನಿಯಮಗಳ 32ನೆಯ ನಿಯಮ ಇದನ್ನು ಕಾನೂನಿನ ವಿಷಯವಾಗಿಯೇ ಮಾಡಿದೆ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಒಯ್ಯುವುದಾದರೆ ಅದಕ್ಕೆಂದೇ ತಯಾರಾದ, ಮೈಗೆ ಕಟ್ಟಿಕೊಂಡ ಹೋಲ್‌ಸ್ಟರಿನಲ್ಲಿ, ಇಲ್ಲವೇ ಅಂತಹ ಚೀಲದಲ್ಲಿ ಇರಿಸಬೇಕು; ಆಯುಧ ಸಂಪೂರ್ಣವಾಗಿ ಮುಚ್ಚಿರಬೇಕು; ಒಯ್ಯುವವರಿಗೆ ಅದರ ಮೇಲೆ ಪರಿಣಾಮಕಾರಿ ಹತೋಟಿ ಇರಬೇಕು. ಸೊಂಟದಲ್ಲಿ ಹಿಡಿ ಕಾಣುವಂತೆ ಸಿಕ್ಕಿಸಿಕೊಂಡು ಮದುವೆಮನೆಗೆ ಬರುವುದು, ಕಾರಿನ ಡ್ಯಾಷ್‌ಬೋರ್ಡಿನ ಮೇಲಿಡುವುದು, ಕುರ್ತಾದ ಜೇಬಿನಲ್ಲಿ ಹಾಕಿಕೊಳ್ಳುವುದು ಈ ನಿಯಮಕ್ಕೆ ವಿರುದ್ಧ. ಝಳಪಿಸಿದರೆ ಪರವಾನಗಿಯೇ ಹೋಗಬಹುದು. ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

2024ರ ಜುಲೈಯಲ್ಲಿ ಪುಣೆ ಜಿಲ್ಲೆಯ ಮುಳಶಿ ತಾಲೂಕಿನ ಭೂವಿವಾದವೊಂದರಲ್ಲಿ ಪಿಸ್ತೂಲು ಹಿಡಿದು ರೈತರನ್ನು ಗದರಿಸುವ ದೃಶ್ಯ ದೇಶವೆಲ್ಲ ನೋಡಿತು. ಒಂದು ಗುಂಡೂ ಹಾರದಿದ್ದರೂ ಬಂಧನವಾಯಿತು, ಮೊಕದ್ದಮೆಯಾಯಿತು. ಒರೆಯಿಂದ ಹೊರಬಂದ ಕ್ಷಣದಲ್ಲಿಯೇ ಆಯುಧದ ಅರ್ಥ ಬದಲಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಒಳ್ಳೆಯ ಒರೆ ಯಾವುದು? ಟ್ರಿಗರ್ ಇರುವ ಭಾಗವನ್ನು ಅದು ಪೂರ್ತಿಯಾಗಿ, ಗಟ್ಟಿಯಾಗಿ ಮುಚ್ಚಬೇಕು. ಬೆರಳಾಗಲಿ, ಅಂಗಿಯ ಅಂಚಾಗಲಿ, ಬೀಗದ ಕೈಯಾಗಲಿ ಒಳಗೆ ನುಸುಳಬಾರದು. ಬಗ್ಗಿದರೆ, ಓಡಿದರೆ, ಸ್ಕೂಟರಿನಿಂದ ಬಿದ್ದರೂ ಪಿಸ್ತೂಲು ಜಾರಬಾರದು. ಇದಕ್ಕೆ ಗುಂಡಿಯ ಪಟ್ಟಿ ಅಥವಾ ಬಿಗಿತದ ವ್ಯವಸ್ಥೆ ಬೇಕು. ಪಿಸ್ತೂಲನ್ನು ತೆಗೆದಾಗ ಒರೆಯ ಬಾಯಿ ಕುಸಿದು ಮುಚ್ಚಿಕೊಳ್ಳಬಾರದು, ಏಕೆಂದರೆ ಕುಸಿದ ಚರ್ಮದ ಮಡಿಕೆ ಮತ್ತೆ ಒಳಗಿಡುವಾಗ ಟ್ರಿಗರನ್ನು ಒತ್ತಿಬಿಡಬಹುದು. ಒರೆ ಆ ಮಾದರಿಯ ಪಿಸ್ತೂಲಿಗೇ ಹೊಂದುವಂತಿರಬೇಕು. ಎಲ್ಲದಕ್ಕೂ ಆಗುತ್ತದೆ ಎನ್ನುವ ಬಟ್ಟೆಯ ಚೀಲ ಯಾವುದಕ್ಕೂ ಸರಿಯಾಗುವುದಿಲ್ಲ. ಭಾರವಾದ ಉಕ್ಕಿನ ಪಿಸ್ತೂಲಿಗೆ ಅಗಲವಾದ, ದಪ್ಪನೆಯ ಬೆಲ್ಟ್ ಇಲ್ಲದಿದ್ದರೆ ಒರೆ ಜೋಲುತ್ತದೆ, ಹತೋಟಿ ತಪ್ಪುತ್ತದೆ.

ಚರ್ಮದ ಒರೆ ಹಿತವಾದದ್ದು, ಮೌನವಾದದ್ದು. ಆದರೆ ತೇವವನ್ನು ಹಿಡಿದಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಪುಣೆಯ ಮಳೆಗಾಲದಲ್ಲಿ ಉಕ್ಕಿನ ಪಿಸ್ತೂಲನ್ನು ಚರ್ಮದ ಒರೆಯಲ್ಲಿಯೇ ಕಪಾಟಿನಲ್ಲಿಟ್ಟರೆ, ಹದಮಾಡುವಾಗ ಚರ್ಮದಲ್ಲಿ ಉಳಿದ ರಾಸಾಯನಿಕ ಮತ್ತು ತೇವ ಸೇರಿ ತಿಂಗಳೊಪ್ಪತ್ತಿನಲ್ಲಿ ತುಕ್ಕಿನ ಚುಕ್ಕೆಗಳನ್ನು ಮೂಡಿಸುತ್ತವೆ. ಒಯ್ಯಲು ಒರೆ, ಇಡಲು ಎಣ್ಣೆ ಸವರಿದ ಬಟ್ಟೆ ಮತ್ತು ಬೀಗವಿರುವ ಪೆಟ್ಟಿಗೆ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಒರೆ ನೀರು ಹೀರುವುದಿಲ್ಲ, ಆಕಾರ ಕಳೆದುಕೊಳ್ಳುವುದಿಲ್ಲ; ಆದರೆ ಲೋಹದ ನೀಲಿ ಲೇಪವನ್ನು ಉಜ್ಜುತ್ತದೆ, ಮತ್ತು ಹಳೆಯ ಮಾದರಿಗಳಿಗೆ ಅಪರೂಪ. ಹೆಗಲ ಒರೆ ಚಲನಚಿತ್ರದಲ್ಲಿ ಚೆನ್ನ; ಜನಸಂದಣಿಯಲ್ಲಿ ಅದರ ನಳಿಗೆ ಹಿಂದಿರುವವರ ಕಡೆಗೆ ತಿರುಗಿರುವುದುಂಟು.

ಊರಿಗೆ ಹೋಗುವಾಗ

ನಮ್ಮಂತಹ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. ಪರವಾನಗಿಯಲ್ಲಿ ಅದರ ವ್ಯಾಪ್ತಿ ಬರೆದಿರುತ್ತದೆ: ಜಿಲ್ಲೆ, ರಾಜ್ಯ ಅಥವಾ ಇಡೀ ಭಾರತ. 'ಮಹಾರಾಷ್ಟ್ರ' ಎಂದಿದ್ದರೆ ಕಾಗಲ್ ದಾಟಿ ಕೊಗನೊಳ್ಳಿಯ ಟೋಲ್ ಮುಟ್ಟಿದೊಡನೆ ನಿಮ್ಮ ಪಿಸ್ತೂಲಿಗೆ ಕಾನೂನಿನ ಆಸರೆ ಇರುವುದಿಲ್ಲ. ದೀಪಾವಳಿಗೆ ಬೆಳಗಾವಿ, ಹುಬ್ಬಳ್ಳಿ, ಉಡುಪಿಗೆ ಹೊರಡುವವರು ಕಾರಿನ ಸಾಮಾನಿನಲ್ಲಿ ಪಿಸ್ತೂಲು ಉಳಿದುಬಿಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮನೆಮಂದಿಯೆಲ್ಲ ಊರಿಗೆ ಹೋಗುವಾಗ ಖಾಲಿ ಮನೆಯಲ್ಲಿ ಆಯುಧ ಬಿಡುವುದೂ ತರವಲ್ಲ; ದೀರ್ಘಕಾಲದ ಪ್ರವಾಸಕ್ಕೆ ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯುವುದು ಕ್ಷೇಮ. ಚುನಾವಣೆಯ ಕಾಲದಲ್ಲಿ ಠೇವಣಿ ಇಡಲು ಆದೇಶ ಬಂದಾಗಲೂ ರಸೀದಿಯನ್ನು ಜೋಪಾನ ಮಾಡಬೇಕು.

ತಂದೆಯ ಪಿಸ್ತೂಲು

ಅನೇಕ ಮನೆಗಳಲ್ಲಿ ಪ್ರಶ್ನೆ ಕೊಳ್ಳುವುದರದ್ದಲ್ಲ, ಬಂದದ್ದನ್ನು ಏನು ಮಾಡುವುದೆಂಬುದು. ಪರವಾನಗಿದಾರರು ತೀರಿಕೊಂಡೊಡನೆ ಆ ಪರವಾನಗಿ ಮಕ್ಕಳದ್ದಾಗುವುದಿಲ್ಲ. ಆಯುಧವನ್ನು ಠಾಣೆಗೆ ಅಥವಾ ವ್ಯಾಪಾರಿಗೆ ಒಪ್ಪಿಸಿ, ವಾರಸುದಾರರಲ್ಲೊಬ್ಬರು ಸ್ವಂತ ಅರ್ಜಿ ಹಾಕಬೇಕು. ಜೀವಿತಕಾಲದಲ್ಲಿಯೇ ವರ್ಗಾಯಿಸಲೂ ದಾರಿಯಿದೆ: ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಆ ಆಯುಧ ಅವರ ಬಳಿ 25 ವರ್ಷ ಇದ್ದಿದ್ದರೆ, 2016ರ ನಿಯಮಗಳು ವಾರಸುದಾರರಿಗೆ ಪರವಾನಗಿ ನೀಡಲು ಅವಕಾಶ ಮಾಡಿಕೊಟ್ಟಿವೆ. ವಯಸ್ಸಾದ ತಂದೆಯವರ ಕೈ ನಡುಗತೊಡಗುವ ಮೊದಲೇ, ಮರೆವು ಆವರಿಸುವ ಮೊದಲೇ ಈ ಮಾತನ್ನು ಎತ್ತುವುದು ಅವರಿಗೆ ತೋರುವ ಅಗೌರವವಲ್ಲ. 'ಅಪ್ಪಾ, ಇದನ್ನು ನೀವಿರುವಾಗಲೇ ಸರಿಯಾದ ಕೈಗೆ ಕೊಟ್ಟುಬಿಡೋಣ' ಎಂದು ಹೇಳಬಲ್ಲ ಮನೆಯೇ ಭದ್ರವಾದ ಮನೆ.

ಹೇಳಲು ಕಷ್ಟವಾದ ಇನ್ನೊಂದು ಮಾತನ್ನೂ ಹೇಳಲೇಬೇಕು. ಮನೆಯಲ್ಲಿ ಬಂದೂಕಿದ್ದರೆ ಆತ್ಮಹತ್ಯೆಯ ಅಪಾಯ ಹೆಚ್ಚುತ್ತದೆ ಎಂಬುದನ್ನು 1990ರ ದಶಕದಿಂದ ಅಮೆರಿಕದ ಹಲವು ಅಧ್ಯಯನಗಳು ತೋರಿಸಿಕೊಟ್ಟಿವೆ. ಕಾರಣ ಸರಳ: ದುಃಖದ ತೀವ್ರ ಗಳಿಗೆ ಬಹಳ ಬಾರಿ ಕಳೆದುಹೋಗುತ್ತದೆ; ಗುಂಡು ಆ ಗಳಿಗೆಯನ್ನು ಕಳೆಯಗೊಡುವುದಿಲ್ಲ. ಮನೆಯಲ್ಲಿ ಯಾರಾದರೂ ಖಿನ್ನತೆಯಿಂದ, ವ್ಯಸನದಿಂದ, ಪರೀಕ್ಷೆಯ ಅಥವಾ ಸಾಲದ ಒತ್ತಡದಿಂದ ಬಳಲುತ್ತಿದ್ದರೆ ಆಯುಧ ಆ ಮನೆಯಿಂದ ಹೊರಗಿರಬೇಕು. ಉಳಿದ ಮನೆಗಳಲ್ಲಿಯೂ ಪಿಸ್ತೂಲು ಒಂದು ಬೀಗದಲ್ಲಿ, ಕಾಡತೂಸು ಇನ್ನೊಂದು ಬೀಗದಲ್ಲಿ, ಕೀಲಿ ಪರವಾನಗಿದಾರರೊಬ್ಬರ ಬಳಿ ಮಾತ್ರ ಇರಬೇಕು. ಬಟ್ಟೆಯ ಮಡಿಕೆಯಡಿ ಬಚ್ಚಿಟ್ಟದ್ದನ್ನು ಮಕ್ಕಳು ಕಂಡುಹಿಡಿಯುವುದಿಲ್ಲ ಎಂದು ನಂಬುವವರು ತಮ್ಮ ಬಾಲ್ಯವನ್ನು ಮರೆತವರು.

ನಿಜವಾದ ರಕ್ಷಣೆ ಯಾವುದು?

ಕೊನೆಗೆ ಮೂಲ ಪ್ರಶ್ನೆಗೆ ಬರೋಣ. ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಅದನ್ನು ವಿವರಿಸುತ್ತವೆ. ಆದರೆ ಅದಕ್ಕೆ ಮಿತಿಯಿದೆ: ಅಪಾಯಕ್ಕೆ ತಕ್ಕಷ್ಟೇ ಬಲಪ್ರಯೋಗ. ಓಡುತ್ತಿರುವ ಸರಗಳ್ಳನ ಬೆನ್ನಿಗೆ ಗುಂಡು ಹಾರಿಸಿದವರು ನ್ಯಾಯಾಲಯದಲ್ಲಿ ಆಪಾದಿತರಾಗಿ ನಿಲ್ಲಬೇಕಾದೀತು. ಅಭ್ಯಾಸವಿಲ್ಲದ ಕೈಯಲ್ಲಿ ಪಿಸ್ತೂಲು ಮಾಲೀಕನಿಗಿಂತ ದರೋಡೆಕೋರನಿಗೇ ಉಪಯೋಗವಾಗುವ ಸಂಭವ ಹೆಚ್ಚು.

ನಮ್ಮನ್ನು ನಿಜವಾಗಿ ಗಾಯಗೊಳಿಸಿರುವುದು ಅಕ್ರಮ ಆಯುಧ. 2013ರ ಆಗಸ್ಟ್ 20ರಂದು ಪುಣೆಯ ಓಂಕಾರೇಶ್ವರ ಸೇತುವೆಯ ಮೇಲೆ ಡಾ. ನರೇಂದ್ರ ದಾಭೋಲ್ಕರ್, 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಡಾ. ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಕಲಬುರ್ಗಿ ಮತ್ತು ಗೌರಿ ಅವರ ಹತ್ಯೆಗಳಲ್ಲಿ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. ದಾಭೋಲ್ಕರ್ ಪ್ರಕರಣದಲ್ಲಿ ಪುಣೆಯ ವಿಶೇಷ ನ್ಯಾಯಾಲಯ 2024ರ ಮೇ 10ರಂದು ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ ಮೂವರನ್ನು ಖುಲಾಸೆ ಮಾಡಿತು. ಪರವಾನಗಿದಾರರ ಪಿಸ್ತೂಲಿನ ಗುಂಡೂ ಅದೇ ಅಳತೆಯದು. ನಿಮ್ಮ ಮನೆಯಿಂದ ಕಳುವಾದ ಒಂದು ಪೆಟ್ಟಿಗೆ ಕಾಡತೂಸು ಯಾರ ಕೈ ಸೇರಬಹುದೆಂಬುದನ್ನು ಊಹಿಸಿದರೆ, ಎರಡು ಬೀಗಗಳ ಮಾತು ಅತಿಯೆನಿಸದು.

ಗುರಿಕಾರಿಕೆಯ ಆಸಕ್ತಿಯೇ ಮುಖ್ಯವಾದರೆ ದಾರಿ ಬೇರೆಯಿದೆ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸಿದ್ಧವಾದ ಬಾಲೇವಾಡಿಯ ಕ್ರೀಡಾಸಂಕುಲದಲ್ಲಿ ಶೂಟಿಂಗ್ ಅಂಕಣವಿದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಅಲ್ಲಿ ಪಳಗಿದವರು. ಮಕ್ಕಳಿಗೆ ಏಕಾಗ್ರತೆಯನ್ನೂ ಆಯುಧದ ಬಗೆಗಿನ ಗೌರವವನ್ನೂ ಕಲಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ನಿಜವಾದ ಬೆದರಿಕೆ ಇರುವವರು, ತರಬೇತಿ ಪಡೆದು ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡಬಲ್ಲವರು, ಮನೆಯಲ್ಲಿ ಭದ್ರವಾದ ವ್ಯವಸ್ಥೆ ಇರುವವರು ಕಾನೂನಿನ ಹಾದಿಯಲ್ಲಿ ಪಿಸ್ತೂಲು ಹೊಂದಲಿ. ಅಂಥವರು ಲೇಪದ ಹೊಳಪಿಗಿಂತ ನಳಿಗೆಯ ಒಳಮೈಯನ್ನು, ಬ್ರ್ಯಾಂಡಿನ ಹೆಸರಿಗಿಂತ ಕಾಗದದ ಸಂಖ್ಯೆಯನ್ನು ನೋಡಲಿ. ಅಂತಸ್ತಿಗಾಗಿ, ಹಳೆಯ ವಿದೇಶಿ ವಸ್ತುವಿನ ಮೋಹಕ್ಕಾಗಿ ಕೊಳ್ಳಹೊರಟವರು ಒಮ್ಮೆ ಮನೆಯವರೆಲ್ಲರನ್ನೂ ಕೂರಿಸಿಕೊಂಡು ಮಾತಾಡಲಿ. ಆ ಮಾತಿನಲ್ಲಿ ಮನೆಯ ಹೆಂಗಸರಿಗೂ ಪ್ರಾಯಕ್ಕೆ ಬಂದ ಮಕ್ಕಳಿಗೂ ಸಮಾನ ಧ್ವನಿ ಇರಲಿ, ಏಕೆಂದರೆ ಪರವಾನಗಿಯಲ್ಲಿ ಹೆಸರು ಒಬ್ಬರದಾದರೂ ಆಯುಧದೊಂದಿಗೆ ಬಾಳಬೇಕಾದವರು ಎಲ್ಲರೂ. ಬೇಡವೆಂದು ಅವರು ಹೇಳಿದರೆ, ಆ ಲಕ್ಷಗಳಲ್ಲಿ ಬಾಗಿಲಿಗೆ ಒಳ್ಳೆಯ ಬೀಗ, ಅಂಗಡಿಗೆ ಕ್ಯಾಮೆರಾ, ರಾತ್ರಿಯ ಹಣ ಸಾಗಿಸಲು ಇನ್ನೊಬ್ಬ ಆಳು, ಎಲ್ಲಕ್ಕೂ ಸಾಕಾಗಿ ಸ್ವಲ್ಪ ಮಿಕ್ಕೀತು.